‘ನೈಫ್’ ಪದದಲ್ಲಿ ‘ಕೆ’ ಯಾಕಿದೆ? ಮಗಳು ಕೇಳಿದಳು, ನನಗೆ ಉತ್ತರ ಗೊತ್ತಿಲ್ಲ

ಚಿನ್ನಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಾಲ್ಕನೇ ಕ್ಲಾಸು. ನಿನ್ನೆ ಇಂಗ್ಲಿಷ್ ಉಕ್ತಲೇಖನದಲ್ಲಿ ಹತ್ತಕ್ಕೆ ಆರು ಬಂತು. ತಪ್ಪಾದ ನಾಲ್ಕು ಪದ ಇವು: ನೈಫ್, ನೈಟ್ (ಕುದುರೆ ಸವಾರ ಯೋಧ, ರಾತ್ರಿ ಅಲ್ಲ), ಡೌಟ್, ಐಲ್ಯಾಂಡ್. ನೈಫ್‌ಗೆ ‘ಎನ್, ಐ, ಎಫ್, ಇ’ ಅಂತ ಬರೆದಿದ್ದಾಳೆ. ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ‘ಹತ್ತು ಸಲ ಬರಿ’ ಅಂತ ಇತ್ತು. ರಾತ್ರಿ ಕೂತು ಬರೆದಳು. ಎಂಟನೇ ಸಾಲಿನಲ್ಲಿ ‘ಕೆ’ ಮತ್ತೆ ಬಿಟ್ಟು ಹೋಗಿತ್ತು. ಅಳಿಸಿ ಸೇರಿಸುವಾಗ ಕೇಳಿದಳು: ‘ಅಮ್ಮಾ, ಓದದೇ ಇರೋ ಅಕ್ಷರ ಯಾಕೆ ಬರೀಬೇಕು? ಕನ್ನಡದಲ್ಲಿ ಹೀಗೆ ಇಲ್ವಲ್ಲ?’

‘ಅದು ಸೈಲೆಂಟ್ ಪುಟ್ಟಾ, ಬಾಯಿಪಾಠ ಮಾಡ್ಕೋ’ ಅಂದೆ. ನಾನು ಚಿಕ್ಕವಳಿದ್ದಾಗ ನನಗೂ ಇದನ್ನೇ ಹೇಳಿದ್ದರು. ಮಲಗಿದ ಮೇಲೂ ಅದೇ ಕೊರೆಯುತ್ತಿತ್ತು. ನಿಜವಾದ ಕಾರಣ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಮಗುವಿಗೆ ಅರ್ಥ ಆಗೋ ಹಾಗೆ ಇರಲಿ.

ಸಂಜೆ ಕಾಫಿ:
ಕಾರಣ ಗೀರಣ ಏನೂ ಇಲ್ಲ ಮೇಡಂ. ಇಂಗ್ಲಿಷ್‌ಗೆ ನಿಯಮವೇ ಇಲ್ಲ. ಬಾಯಿಪಾಠ ಮಾಡಿಸಿ, ಬೇರೆ ದಾರಿ ಇಲ್ಲ.

ನಿವೃತ್ತ ಮೇಷ್ಟ್ರು:
ಕಾರಣ ಖಂಡಿತ ಇದೆ. ಹೈಸ್ಕೂಲಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ‘ನಿಯಮವೇ ಇಲ್ಲ’ ಅನ್ನೋ ಮಾತು ಕೇಳಿದರೆ ಬೇಜಾರಾಗುತ್ತದೆ.

ಅಮ್ಮಾ, ನಿಮ್ಮ ಮಗಳಿಗೆ ಹೀಗೆ ಹೇಳಿ: ಆ ‘ಕೆ’ ಒಂದು ಕಾಲದಲ್ಲಿ ಸೈಲೆಂಟ್ ಆಗಿರಲೇ ಇಲ್ಲ. ಜನ ಅದನ್ನು ಬಾಯಿ ತುಂಬಾ ಹೇಳುತ್ತಿದ್ದರು. ನೈಫ್ ಪದವನ್ನು ‘ಕ್ನೀಫ್’ ಅನ್ನುತ್ತಿದ್ದರು. ನೈಟ್ ಪದವನ್ನು ಸುಮಾರು ‘ಕ್ನಿಖ್ಟ್’ ಅಂತ ಹೇಳುತ್ತಿದ್ದರು. ಅದರಲ್ಲಿರುವ ‘ಜಿ, ಎಚ್’ ಕೂಡ ಸುಮ್ನೆ ಬಂದಿದ್ದಲ್ಲ. ಗಂಟಲಿನಿಂದ ಉಜ್ಜಿಕೊಂಡು ಬರುವ ಒಂದು ಸದ್ದು ಇತ್ತು, ಅದನ್ನು ಬರೆಯೋದಕ್ಕೆ ಆ ಎರಡು ಅಕ್ಷರ. ಜರ್ಮನ್ನರು ರಾತ್ರಿಗೆ ‘ನಾಖ್ಟ್’ ಅನ್ನುತ್ತಾರಲ್ಲ, ಅದೇ ಸದ್ದು.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು, ತಮ್ಮ ಊರಿನ ಮಾತಿನಂತೆ. ಅಚ್ಚು ಬಂದ ಮೇಲೆ ನಿಧಾನವಾಗಿ ಒಂದೇ ಕಾಗುಣಿತ ಗಟ್ಟಿಯಾಯಿತು. ಮಾತು ಮಾತ್ರ ಬದಲಾಗುತ್ತಲೇ ಇತ್ತು. ‘ಜಿ, ಎಚ್’ ಸದ್ದು ಹೋಯಿತು. 1700ರ ಆಸುಪಾಸಿನಲ್ಲಿ ‘ಕ್ನ’ದ ‘ಕ’ ಕೂಡ ಬಾಯಿಂದ ಬಿದ್ದುಹೋಯಿತು. ಪುಸ್ತಕದಲ್ಲಿ ಹಾಗೇ ಉಳಿಯಿತು.

ಉತ್ತರದ ಚಳಿ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸ್ವೀಡನ್ನಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿ ಚಾಕುವಿಗೆ ‘ಕ್ನೀವ್’ ಅಂತಾರೆ, ‘ಕ’ ಸ್ಪಷ್ಟವಾಗಿ ಕೇಳುತ್ತದೆ. ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ ‘ನೈಫ್’ ಥರ ‘ನೀವ್’ ಅಂತ ಕೇಳಿದ್ದೆ. ಅಂಗಡಿಯ ಅಜ್ಜಿ ಎರಡು ಸಲ ‘ಕ್, ಕ್ನೀವ್’ ಅಂತ ಹೇಳಿಕೊಟ್ಟು ಆಮೇಲೆ ಚಾಕು ಕೊಟ್ಟರು. ಇನ್ನೊಂದು ವಿಷಯ, ಇಂಗ್ಲಿಷಿನವರಿಗೆ ಈ ಪದ ಸಿಕ್ಕಿದ್ದೇ ಈ ಸ್ಕ್ಯಾಂಡಿನೇವಿಯಾ ಕಡೆಯಿಂದ. ಈ ಕಡೆಯ ಕಡಲ ದಾಳಿಕೋರರಾದ ವೈಕಿಂಗರು 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ಮಾಡಿದರು, ಆಮೇಲೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಯೂರಿ ಹೊಲ ಮಾಡಿಕೊಂಡರು, ಅಲ್ಲಿನವರನ್ನೇ ಮದುವೆಯಾದರು. ನೈಫ್, ಎಗ್, ಸ್ಕೈ, ವಿಂಡೋ, ಹಸ್ಬೆಂಡ್, ಲಾ ಎಲ್ಲ ಅವರ ಭಾಷೆಯಿಂದ ಬಂದ ಪದಗಳು. ‘ಅವರು’ ಅನ್ನೋದಕ್ಕೆ ಇರುವ ‘ದೇ’ ಕೂಡ! ಸರ್ವನಾಮವನ್ನೇ ಬೇರೆಯವರಿಂದ ತೆಗೆದುಕೊಳ್ಳಬೇಕಾದರೆ ಎಷ್ಟು ಹತ್ತಿರ ಬಾಳಿರಬೇಕು ಯೋಚನೆ ಮಾಡಿ.

ಜೋಳದ ರೊಟ್ಟಿ:
ವ್ಯಂಜನ ಆಯ್ತು, ಸ್ವರದ ಕಥೆ ಏನ್ರೀ? ಜಗತ್ತಿನ ಅರ್ಧ ಭಾಷೆಯಲ್ಲಿ ಎಬಿಸಿಡಿಯ ಮೊದಲ ಅಕ್ಷರ ಅಂದರೆ ‘ಆ’. ಇವರಿಗೆ ಮಾತ್ರ ‘ಏ’. ‘ಈ’ ಆಗಬೇಕಾದ್ದು ‘ಐ’. ನಾನು ಐದನೇ ಕ್ಲಾಸಿನಲ್ಲಿ ಮೊದಲ ಸಲ ಇಂಗ್ಲಿಷ್ ಕಲಿತವನು. ಇದೊಂದು ನನ್ನ ತಲೆಗೆ ಹತ್ತಲೇ ಇಲ್ಲ.

ನಿವೃತ್ತ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಬಾಯಲ್ಲಿ ಒಂದೊಂದು ಮೆಟ್ಟಿಲು ಮೇಲೆ ಹತ್ತಿದವು. ಈಗಲೇ ಒಂದು ಸಲ ‘ಆ, ಏ, ಈ’ ಅಂತ ನಿಧಾನವಾಗಿ ಹೇಳಿ ನೋಡಿ. ದವಡೆ ಮುಚ್ಚಿಕೊಳ್ಳುತ್ತಾ ನಾಲಿಗೆ ಮೇಲೇರುತ್ತದೆ ಅಲ್ವಾ? ‘ಆ’ ಇದ್ದದ್ದು ‘ಏ’ ಆಯಿತು, ‘ಏ’ ಇದ್ದದ್ದು ‘ಈ’ ಆಯಿತು. ‘ಈ’ಗೆ ಇನ್ನು ಮೇಲೆ ಹೋಗೋಕೆ ಜಾಗ ಇಲ್ಲ, ಅದು ಒಡೆದು ‘ಐ’ ಆಯಿತು. ಹಾಗೆಯೇ ‘ಓ’ ಹೋಗಿ ‘ಊ’, ‘ಊ’ ಒಡೆದು ‘ಔ’. ಹಳೇ ‘ಟೀಮೆ’ ಈಗ ಟೈಮ್, ‘ಹೂಸ್’ ಈಗ ಹೌಸ್, ‘ಮೋನ್’ ಈಗ ಮೂನ್, ‘ನಾಮೆ’ ಈಗ ನೇಮ್. ಹ್ರಸ್ವ ಸ್ವರಗಳು ಹೆಚ್ಚು ಅಲುಗಾಡಲಿಲ್ಲ. ಅದಕ್ಕೇ ಬೆಡ್, ಸಿಟ್ ಬರೆದ ಹಾಗೇ ಓದಿಸಿಕೊಳ್ಳುತ್ತವೆ. ಕಾಗುಣಿತ ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲೇ ಸ್ವರಗಳೂ ಓಡುತ್ತಿದ್ದವು. ಎಡವಟ್ಟು ಆಗಿದ್ದು ಅಲ್ಲಿ.

ಕೋಡ್ ಬರಿಯೋನು:
ನೋಡಿ, ‘ನಾಮೆ’! ನಮ್ಮ ‘ನಾಮ’! ಇಂಗ್ಲಿಷ್ ಸಂಸ್ಕೃತದಿಂದ ಹುಟ್ಟಿದ್ದು ಅಂತ ನಾನು ಎಷ್ಟು ದಿನದಿಂದ ಹೇಳ್ತಾ ಇದ್ದೀನಿ.

ನಿವೃತ್ತ ಮೇಷ್ಟ್ರು:
ಇಲ್ಲಪ್ಪ. ಹುಟ್ಟಿದ್ದಲ್ಲ, ದಾಯಾದಿ. ಎರಡಕ್ಕೂ ಒಬ್ಬಳೇ ಮುತ್ತಜ್ಜಿ, ಆ ಮುತ್ತಜ್ಜಿ ಸಂಸ್ಕೃತ ಅಲ್ಲ. 1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಈ ಮಾತು ಹೇಳಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲ ಒಂದೇ ಬೇರಿನಿಂದ ಬಂದಿರಬೇಕು, ಆ ಬೇರು ಈಗ ಉಳಿದಿರಲಿಕ್ಕಿಲ್ಲ ಅಂತ. ಹೋಲಿಕೆಗೂ ಒಂದು ಕ್ರಮ ಇದೆ. ಪಿತೃ, ಫಾದರ್. ಪಾದ, ಫುಟ್. ಪಂಚ, ಫೈವ್. ಇಂಗ್ಲಿಷ್ ಇರುವ ಜರ್ಮ್ಯಾನಿಕ್ ಕವಲಿನಲ್ಲಿ ಪದದ ಮೊದಲ ‘ಪ’ ಸಾಲಾಗಿ ‘ಫ’ ಆಗಿಬಿಟ್ಟಿದೆ. ಇದನ್ನು ಗ್ರಿಮ್‌ನ ನಿಯಮ ಅಂತಾರೆ.

ನಮ್ಮ ಕನ್ನಡ ಈ ಮನೆಯದೇ ಅಲ್ಲ, ಅದು ದ್ರಾವಿಡ. ಅದನ್ನು 1816ರಲ್ಲಿ ಮದ್ರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ತೋರಿಸಿಕೊಟ್ಟ.

ಗೋಳಿಮರ:
ಮಾರಾಯ್ರೆ, ‘ಪ’ ಬದಲಾಗುವ ಕಥೆ ಕೇಳಿ ನನಗೆ ನಮ್ಮದೇ ನೆನಪಾಯಿತು. ನಾನು ಮಂಗಳೂರಿನ ಕಡೆಯವ, ಮನೆಮಾತು ತುಳು. ನಮ್ಮಲ್ಲಿ ಇವತ್ತಿಗೂ ಹುಲಿಗೆ ‘ಪಿಲಿ’, ಹೂವಿಗೆ ‘ಪೂ’. ಹತ್ತನೇ ಶತಮಾನದ ಪಂಪನ ಕನ್ನಡದಲ್ಲೂ ಪುಲಿ, ಪೂ, ಪಾಲ್ ಅಂತಲೇ ಇತ್ತು. ಆಮೇಲೆ ಕನ್ನಡಿಗರ ಬಾಯಲ್ಲಿ ‘ಪ’ ಹೋಗಿ ‘ಹ’ ಬಂತು. ಹುಲಿ, ಹೂ, ಹಾಲು. ಮಾತು ಬದಲಾದ ಹಾಗೆ ಬರಹವನ್ನೂ ಬದಲಾಯಿಸಿಕೊಂಡರು ನಮ್ಮ ಹಿರಿಯರು.

ಒಂದು ವೇಳೆ ಬದಲಾಯಿಸದೇ ಇದ್ದಿದ್ದರೆ? ಇವತ್ತು ನಾವು ‘ಪಾಲು’ ಅಂತ ಬರೆದು ‘ಹಾಲು’ ಅಂತ ಓದುತ್ತಿದ್ದೆವು. ‘ಪಳ್ಳಿ’ ಅಂತ ಬರೆದು ‘ಹಳ್ಳಿ’ ಅಂತ ಓದುತ್ತಿದ್ದೆವು. ಆಸ್ತಿಯ ಪಾಲು ಬೇರೆ, ಕುಡಿಯುವ ಪಾಲು ಬೇರೆ, ಮಕ್ಕಳಿಗೆ ಹತ್ತು ಸಲ ಬರೆಸುತ್ತಿದ್ದೆವು. ಇಂಗ್ಲಿಷಿನಲ್ಲಿ ಆಗಿದ್ದು ಇಷ್ಟೇ.

ಚಿನ್ನಿ ಅಮ್ಮ:
ಅಬ್ಬಾ, ಇದು ನನಗೇ ಈಗ ಅರ್ಥ ಆಯ್ತು. ಇವತ್ತು ಸಂಜೆ ಹಾಲಿನ ಲೋಟ ಕೊಡುವಾಗ ‘ಪಾಲು ಕುಡಿ’ ಅಂತಲೇ ಶುರು ಮಾಡ್ತೀನಿ. ತುಂಬಾ ಥ್ಯಾಂಕ್ಸ್ ಸರ್.

ಸಂಜೆ ಕಾಫಿ:
ನೈಫ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪಿದೆ. ಆದರೆ ಡೌಟ್‌ನಲ್ಲಿ ‘ಬಿ’ ಇದೆಯಲ್ಲ, ಅದನ್ನೂ ಯಾವಾಗಲೋ ‘ಡೌಬ್ಟ್’ ಅಂತಿದ್ರಾ? ಐಲ್ಯಾಂಡ್‌ನ ‘ಎಸ್’?

ಬಿಳಿಗಿರಿ:
ಇಲ್ಲ! ಅವೆರಡನ್ನೂ ಇಂಗ್ಲಿಷಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲೇ. ಡೌಟ್ ಪದ ಫ್ರೆಂಚಿನಿಂದ ಬಂತು, ‘ಬಿ’ ಇಲ್ಲದೇ ಬಂತು. ಫ್ರೆಂಚರು ಇವತ್ತಿಗೂ ‘ಬಿ’ ಇಲ್ಲದೇ ಬರೆಯುತ್ತಾರೆ. ಲ್ಯಾಟಿನ್ ಓದಿಕೊಂಡ ಪಂಡಿತರು ‘ಇದರ ಮೂಲ ಲ್ಯಾಟಿನ್ನಿನ ದುಬಿಟಾರೆ, ಅದು ಕಾಣಬೇಕು’ ಅಂತ ‘ಬಿ’ ತಂದು ತುರುಕಿದರು. ಸಾಲ ಅನ್ನೋ ಅರ್ಥದ ಡೆಟ್‌ಗೂ ಹೀಗೇ ‘ಬಿ’, ರಿಸೀಟ್‌ಗೆ ‘ಪಿ’.

ಐಲ್ಯಾಂಡ್ ಕಥೆ ಇನ್ನೂ ಅನ್ಯಾಯ. ಅದು ಅಪ್ಪಟ ಹಳೇ ಇಂಗ್ಲಿಷ್ ಪದ, ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಫ್ರೆಂಚಿನಿಂದ ಬಂದ ‘ಐಲ್’ ಅನ್ನೋ ಬೇರೆ ಪದದ ಮೂಲ ಲ್ಯಾಟಿನ್ನಿನ ‘ಇನ್ಸುಲಾ’. ಎರಡೂ ಒಂದೇ ಅಂದುಕೊಂಡು ಇದಕ್ಕೂ ‘ಎಸ್’ ಅಂಟಿಸಿದರು. ತಪ್ಪು ತಿಳಿವಳಿಕೆಯಿಂದ ಬಂದ ಅಕ್ಷರ ಅದು. ಮೇಡಂ, ಆ ಎರಡು ಪದದಲ್ಲಿ ನಿಮ್ಮ ಮಗಳು ಬರೆದದ್ದು ಮೂಲಕ್ಕೆ ಹತ್ತಿರ ಇದೆ ಅಂತ ಅವಳಿಗೆ ಹೇಳಿ. ಮಾರ್ಕ್ಸ್ ಬರಲ್ಲ, ಧೈರ್ಯ ಬರುತ್ತದೆ.

ಜೋಳದ ರೊಟ್ಟಿ:
ಪಂಡಿತರು ಎಲ್ಲಾ ಕಡೆ ಒಂದೇರಿ. ನಮ್ಮದು ಬರೆದ ಹಾಗೆ ಓದುವ ಭಾಷೆ ಅಂತ ಎದೆ ತಟ್ಟಿಕೊಳ್ಳುವ ಮೊದಲು ‘ಚಿಹ್ನೆ’ ಓದಿ ನೋಡಿ. ಹೇಳೋದು ‘ಚಿನ್ಹೆ’. ‘ಬ್ರಾಹ್ಮಣ’ ಬರೆದು ಹೇಳೋದು ‘ಬ್ರಾಮ್ಹಣ’. ‘ಜ್ಞಾನ’ದಲ್ಲಿ ಜ ಎಲ್ಲಿದೆ ಬಾಯಲ್ಲಿ? ‘ಋಷಿ’ಯನ್ನು ಎಲ್ಲರೂ ‘ರುಷಿ’ ಅಂತಲೇ ಅನ್ನೋದು. ಇನ್ನು ಮಹಾಪ್ರಾಣ. ನಮ್ಮ ಅಜ್ಜಿ ಜನ್ಮದಲ್ಲಿ ‘ಬೂಮಿ’ ಬಿಟ್ಟು ‘ಭೂಮಿ’ ಅಂದವರಲ್ಲ. ಮಹಾಪ್ರಾಣ ಬರಹದಿಂದ ಬಿಡೋಣ ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹೇಳಿದರೆ ಎಷ್ಟು ಗಲಾಟೆ ಆಯಿತು. ಅದು ನಮ್ಮ ಸೈಲೆಂಟ್ ಅಕ್ಷರ ಅಲ್ವಾ?

ನಿವೃತ್ತ ಮೇಷ್ಟ್ರು:
ಒಪ್ಪುವುದಿಲ್ಲ. ‘ಭಾರತ’ ಅಂತ ನಾನು ಹೇಳುವಾಗ ಮಹಾಪ್ರಾಣ ಕೇಳುತ್ತದೆ. ನನ್ನ ಬಾಯಲ್ಲಿ ಇರುವ ಸದ್ದನ್ನು ಸೈಲೆಂಟ್ ಅಂದರೆ ಹೇಗೆ?

ಜೋಳದ ರೊಟ್ಟಿ:
ನಿಮ್ಮ ಬಾಯಲ್ಲಿ ಇದೆ ಸರ್. ನಿಮ್ಮ ಕ್ಲಾಸಿನ ಕೊನೇ ಬೆಂಚಿನ ಹುಡುಗರ ಬಾಯಲ್ಲಿ ಇತ್ತಾ? ಅವರಿಗೆ ಎಷ್ಟು ಮಾರ್ಕ್ಸ್ ಕಳೆದಿರಿ?

ನಿವೃತ್ತ ಮೇಷ್ಟ್ರು:
ಕಳೆದಿದ್ದೇನೆ, ನಿಜ. ಆ ಹುಡುಗರ ನೆನಪು ಇದೆ. ಆದರೂ ಅಕ್ಷರವನ್ನೇ ತೆಗೆದರೆ ಹಳೆಯ ಪುಸ್ತಕ ಓದುವವರು ಯಾರು? ಮಾರ್ಕ್ಸ್ ಕಳೆಯದೇ ಅಕ್ಷರ ಉಳಿಸಿಕೊಳ್ಳಬಹುದಿತ್ತು, ಅಷ್ಟು ಒಪ್ಪುತ್ತೇನೆ.

ಗೋಳಿಮರ:
ಇಬ್ಬರೂ ಜಗಳ ಬಿಡಿ. ನಾವು ಅಕ್ಷರ ಬಿಟ್ಟದ್ದೂ ಇದೆ. ಹಳಗನ್ನಡದ ಱ ಮತ್ತು ೞ ಈಗ ಎಲ್ಲಿವೆ? ‘ಏೞು’ ಅಂತ ಬರೆಯುತ್ತಿದ್ದರು, ಬಾಯಲ್ಲಿ ‘ಳ’ ಆದ ಮೇಲೆ ‘ಏಳು’ ಅಂತ ಬರೆದೆವು. ಆಕಾಶವೇನೂ ಬೀಳಲಿಲ್ಲ.

ಕೋಡ್ ಬರಿಯೋನು:
ಹಾಗಾದರೆ ಇಂಗ್ಲಿಷಿನವರು ಯಾಕೆ ಸರಿ ಮಾಡಿಕೊಳ್ಳಲಿಲ್ಲ? ಹಳೇ ಕೋಡ್ ಕ್ಲೀನ್ ಮಾಡಿದ ಹಾಗೆ ಒಂದೇ ಸಲ ಬದಲಾಯಿಸಬಹುದಲ್ಲ.

ಬಿಳಿಗಿರಿ:
ಪ್ರಯತ್ನ ಆಗಿದೆ. ಅಮೆರಿಕದ ನೋವಾ ವೆಬ್‌ಸ್ಟರ್ ಕಲರ್‌ನ ‘ಯು’ ತೆಗೆದ, ಸೆಂಟರ್‌ನ ಕೊನೆಯ ಅಕ್ಷರಗಳನ್ನು ಅದಲುಬದಲು ಮಾಡಿದ. 1828ರ ಅವನ ನಿಘಂಟಿನಿಂದ ಅವು ಅಮೆರಿಕದಲ್ಲಿ ನಿಂತವು. ಟಂಗ್ ಪದವನ್ನು ‘ಟಿ, ಯು, ಎನ್, ಜಿ’ ಅಂತ ಬರೆಯೋಣ ಅಂದಿದ್ದ, ಅದನ್ನು ಜನ ತೆಗೆದುಕೊಳ್ಳಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣದಲ್ಲಿ ಬಳಸಿ ಅಂತ ಆದೇಶ ಹೊರಡಿಸಿದರು. ಪತ್ರಿಕೆಗಳೂ ಸಂಸತ್ತೂ ಮೇಲೆ ಬಿದ್ದವು. ಅದೇ ವರ್ಷ ಆದೇಶ ವಾಪಸ್.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಯಾರ ಮಾತಿನಂತೆ ಬರೆಯೋದು? ‘ಕಾರ್’ ಅನ್ನುವಾಗ ಸ್ಕಾಟ್‌ಲೆಂಡಿನವರು ಕೊನೆಯ ‘ರ್’ ಹೇಳುತ್ತಾರೆ, ಲಂಡನ್ನಿನವರು ಹೇಳಲ್ಲ. ನಾವೂ ಮೈಸೂರಿನಲ್ಲಿ ‘ಹೋಗ್ತೀನಿ’, ಧಾರವಾಡದಲ್ಲಿ ‘ಹೊಕ್ಕೇನಿ’, ಕುಂದಾಪುರದಲ್ಲಿ ‘ಹೋತೆ’ ಅಂತೀವಿ, ಬರೆಯುವಾಗ ‘ಹೋಗುತ್ತೇನೆ’. ಹಾಗಿರೋದ್ರಿಂದ ತಾನೇ ಒಬ್ಬರದು ಒಬ್ಬರು ಓದಬಹುದು.

ಕೋರ್ಟ್ ಕ್ಯಾಂಟೀನ್:
ಈಗ ತಾನೇ ಪೂರ್ತಿ ಓದಿದೆ. ನಾನು ವಕೀಲ, ಸ್ವಲ್ಪ ಬೇರೆ ಕಡೆ ಹೋಗ್ತೀನಿ. 1066ರಲ್ಲಿ ಹೇಸ್ಟಿಂಗ್ಸ್ ಯುದ್ಧದಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದ ಮೇಲೆ ಇಂಗ್ಲೆಂಡಿನ ಅರಮನೆ, ಕೋರ್ಟು ಎಲ್ಲ ಫ್ರೆಂಚ್ ಆಯಿತು. ಜಡ್ಜ್, ಜ್ಯೂರಿ, ಕೋರ್ಟ್, ಅಟಾರ್ನಿ ಎಲ್ಲ ಫ್ರೆಂಚಿನವು. ರೈತನಿಗೆ ತನ್ನ ಮೊಕದ್ದಮೆ ಯಾವ ಭಾಷೆಯಲ್ಲಿ ನಡೆಯುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ. 1362ರಲ್ಲಿ ಕಾನೂನು ಮಾಡಿ ‘ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ’ ಅಂತ ಹೇಳಬೇಕಾಯಿತು. ಆ ಕಾನೂನನ್ನೇ ಬರೆದದ್ದು ಫ್ರೆಂಚಿನಲ್ಲಿ.

ನನ್ನ ಮೇಜಿನ ಮೇಲಿನ ಕಾಗದ ನೋಡಿದರೂ ಅದೇ. ವಕೀಲ, ಅರ್ಜಿ, ಜಾಮೀನು, ಫಿರ್ಯಾದಿ, ತಹಸೀಲ್ದಾರ್. ಪಾರಸಿ ಆಡಳಿತ ಭಾಷೆಯಾಗಿದ್ದ ಕಾಲದ ಗುರುತು ಎಲ್ಲವೂ. ಇಂಗ್ಲೆಂಡಿನ ಊಟದಲ್ಲೂ ಹಾಗೇ, ರೈತ ಸಾಕುವಾಗ ಇಂಗ್ಲಿಷಿನ ‘ಕೌ’, ‘ಶೀಪ್’. ಸಾಹುಕಾರನ ತಟ್ಟೆಗೆ ಬಂದರೆ ಫ್ರೆಂಚಿನ ‘ಬೀಫ್’, ‘ಮಟನ್’. ಯಾರು ದುಡಿದರು, ಯಾರು ಉಂಡರು ಅನ್ನೋದು ಪದದಲ್ಲೇ ಕೂತಿದೆ.

ಉತ್ತರದ ಚಳಿ:
ಊಟದ ಮಾತು ಬಂತು ಅಂತ ಹೇಳ್ತೀನಿ, ಇಲ್ಲಿ ಮೊಟ್ಟೆಗೆ ‘ಎಗ್’ ಅಂತಲೇ ಅನ್ನೋದು.

ನಿವೃತ್ತ ಮೇಷ್ಟ್ರು:
ಅದಕ್ಕೊಂದು ಚಂದದ ಕಥೆ ಇದೆ. ಅಚ್ಚುಕೂಟದ ಕ್ಯಾಕ್ಸ್‌ಟನ್ನನೇ 1490ರಲ್ಲಿ ಒಂದು ಮುನ್ನುಡಿಯಲ್ಲಿ ಬರೆದಿಟ್ಟಿದ್ದಾನೆ. ಥೇಮ್ಸ್ ನದಿಯಲ್ಲಿ ಗಾಳಿ ಇಲ್ಲದೇ ಹಡಗು ನಿಂತಿತು. ವರ್ತಕನೊಬ್ಬ ದಡಕ್ಕೆ ಇಳಿದು ಒಂದು ಮನೆಯಲ್ಲಿ ‘ಎಗ್ಗಿಸ್’ ಕೊಡಿ ಅಂದ. ಆ ಮನೆಯಾಕೆ ‘ನನಗೆ ಫ್ರೆಂಚ್ ಬರಲ್ಲ’ ಅಂದಳು. ಅವನಿಗೆ ಸಿಟ್ಟು, ಯಾಕಂದರೆ ಅವನಿಗೂ ಫ್ರೆಂಚ್ ಬರಲ್ಲ. ಕೊನೆಗೆ ಇನ್ನೊಬ್ಬ ‘ಏರೆನ್ ಬೇಕಂತೆ’ ಅಂದಾಗ ಆಕೆಗೆ ಅರ್ಥವಾಯಿತು. ಮೊಟ್ಟೆಗೆ ಆಕೆಯ ಊರಿನಲ್ಲಿ ಇನ್ನೂ ಹಳೇ ಇಂಗ್ಲಿಷ್ ಪದವೇ ಇತ್ತು. ‘ಈಗ ಯಾವುದನ್ನು ಬರೆಯಲಿ’ ಅಂತ ಕ್ಯಾಕ್ಸ್‌ಟನ್ ಕೇಳುತ್ತಾನೆ. ಅಚ್ಚಿನ ಮನೆಯವನ ಕಷ್ಟ ಅದು.

ಗೋಳಿಮರ:
ನನಗೆ ಇಂಗ್ಲಿಷಿನಲ್ಲಿ ಕೊರತೆ ಅನ್ನಿಸೋದು ಒಂದೇ. ನೀನು, ನೀವು ಎರಡಕ್ಕೂ ‘ಯೂ’. ಅಪ್ಪನಿಗೂ ಅದೇ, ಬೆಕ್ಕಿಗೂ ಅದೇ.

ಬಿಳಿಗಿರಿ:
ಮೊದಲು ಎರಡೂ ಇತ್ತು. ‘ದೌ’ ಅಂದರೆ ನೀನು, ‘ಯೂ’ ಅಂದರೆ ನೀವು. ಮರ್ಯಾದೆಗೆ ಎಲ್ಲರಿಗೂ ‘ನೀವು’ ಅನ್ನುತ್ತಾ ಅನ್ನುತ್ತಾ ‘ನೀನು’ ಅನ್ನೋದು ಬೈಗುಳದಂತೆ ಕೇಳತೊಡಗಿತು, ಆಮೇಲೆ ಸಾಮಾನ್ಯ ಮಾತಿನಿಂದಲೇ ಹೋಯಿತು. ಇಂಗ್ಲಿಷಿನವರು ಈಗ ಬೆಕ್ಕಿಗೂ ‘ನೀವು’ ಅನ್ನುತ್ತಿದ್ದಾರೆ ಅಂತ ತಿಳಿದುಕೊಳ್ಳಿ.

ಸಂಜೆ ಕಾಫಿ:
ಇಷ್ಟೊಂದು ಗೋಜಲಿರುವ ಭಾಷೆ ಜಗತ್ತೆಲ್ಲ ಹೇಗೆ ಹರಡಿತು? ವ್ಯಾಕರಣ ಸುಲಭ ಅಂತಾನಾ? ಲಿಂಗ ಇಲ್ಲ, ವಿಭಕ್ತಿ ಇಲ್ಲ.

ಕೋರ್ಟ್ ಕ್ಯಾಂಟೀನ್:
ಸುಲಭ ಅಂತ ಯಾವ ಭಾಷೆಯೂ ಹರಡಲ್ಲ. ಲ್ಯಾಟಿನ್‌ಗೆ ವಿಭಕ್ತಿಗಳ ರಾಶಿಯೇ ಇತ್ತು, ರೋಮಿನ ಸೈನ್ಯ ಹೋದಲ್ಲೆಲ್ಲ ಹೋಯಿತು. ಇಂಗ್ಲಿಷ್ ಹಡಗು ಹತ್ತಿತು, ಅಷ್ಟೇ. 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ, 1607ರಲ್ಲಿ ಅಮೆರಿಕದ ಜೇಮ್ಸ್‌ಟೌನ್. ನಮ್ಮಲ್ಲಿ 1835ರ ಮೆಕಾಲೆ ಟಿಪ್ಪಣಿ ಬಂದ ಮೇಲೆ ಸರ್ಕಾರದ ದುಡ್ಡು ಇಂಗ್ಲಿಷ್ ಶಿಕ್ಷಣದ ಕಡೆ ತಿರುಗಿತು. ಸಂವಿಧಾನದಲ್ಲಿ ಕೇಂದ್ರದ ಆಡಳಿತಕ್ಕೆ ಇಂಗ್ಲಿಷ್ ಹದಿನೈದು ವರ್ಷ ಮಾತ್ರ ಅಂತ ಇಟ್ಟರು, 1965ಕ್ಕೆ ಮುಗಿಯಬೇಕಿತ್ತು. ಹಿಂದಿ ಒಂದೇ ಆಗೋದು ಬೇಡ ಅಂತ ದಕ್ಷಿಣದವರು ಗಟ್ಟಿಯಾಗಿ ಹೇಳಿದೆವು. 1963ರ ಕಾಯ್ದೆಯಿಂದ ಇಂಗ್ಲಿಷ್ ಉಳಿಯಿತು. ನನ್ನ ಅಪ್ಪ ಹಳ್ಳಿಯಿಂದ ಬಂದವರು, ಇಂಗ್ಲಿಷ್ ಬರದೇ ಹೈಕೋರ್ಟಿನಲ್ಲಿ ತಮ್ಮದೇ ಜಮೀನಿನ ತೀರ್ಪು ಓದಲಾಗದೇ ಕೂತಿದ್ದರು. ನಾನು ಲಾ ಓದಿದ್ದು ಆ ದಿನದಿಂದ.

ಬಿಳಿಗಿರಿ:
ವಿಭಕ್ತಿ ಬಗ್ಗೆ ಒಂದು ಮಾತು. ಹಳೇ ಇಂಗ್ಲಿಷಿಗೆ ವಿಭಕ್ತಿಯೂ ಇತ್ತು, ಮೂರು ಲಿಂಗವೂ ಇತ್ತು. ಈಗ ಉಳಿದಿರೋದು ‘ಹಿ’, ‘ಹಿಮ್’ ಥರ ಚೂರುಪಾರು. ‘ನಾಯಿ ಹುಡುಗನನ್ನು ಕಚ್ಚಿತು’, ‘ಹುಡುಗನನ್ನು ನಾಯಿ ಕಚ್ಚಿತು’, ನಮಗೆ ಎರಡೂ ಒಂದೇ, ‘ಅನ್ನು’ ಕಾಯುತ್ತದೆ. ಇಂಗ್ಲಿಷಿನಲ್ಲಿ ಪದ ಹಿಂದುಮುಂದಾದರೆ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ. ಕಷ್ಟ ಪದದ ಕೊನೆಯಿಂದ ಪದಗಳ ಸಾಲಿಗೆ ಬಂತು ಅಷ್ಟೇ, ಹೋಗಲಿಲ್ಲ.

ಚಿನ್ನಿ ಅಮ್ಮ:
ಎಲ್ಲರಿಗೂ ಹೇಳಲೇಬೇಕು. ನಿನ್ನೆ ಸಂಜೆ ಪಾಲು, ಹಾಲು ಕಥೆ ಹೇಳಿದೆ. ಊಟಕ್ಕೆ ಕೂತಾಗ ‘ಕ್ನೀಫ್ ಕೊಡು, ಸೌತೆಕಾಯಿ ಹೆಚ್ಚಬೇಕು’ ಅಂದಳು. ಇವತ್ತು ಬೆಳಗ್ಗೆ ಒಂದೇ ಸಲಕ್ಕೆ ‘ಕೆ’ ಹಾಕಿ ಸರಿಯಾಗಿ ಬರೆದಳು. ಸ್ಕೂಲ್ ವ್ಯಾನ್ ಹತ್ತುವಾಗ ಇನ್ನೊಂದು ಕೇಳಿ ಹೋಗಿದ್ದಾಳೆ: ‘ಎರಡು’ ಅನ್ನೋ ಟೂ ಪದದಲ್ಲಿ ‘ಡಬ್ಲ್ಯು’ ಯಾಕೆ? ಸಂಜೆ ನಾಲ್ಕೂವರೆಗೆ ಬರುತ್ತಾಳೆ, ಅಷ್ಟರೊಳಗೆ ಯಾರಾದರೂ ಹೇಳಿ.

ನಿವೃತ್ತ ಮೇಷ್ಟ್ರು:
ಉತ್ತರ ನೀವು ಹೇಳಬೇಡಿ ಅಮ್ಮಾ. ಟ್ವೆಲ್ವ್, ಟ್ವೆಂಟಿ, ಟ್ವೈಸ್, ಟ್ವಿನ್ಸ್ ಅಂತ ಜೋರಾಗಿ ಹೇಳಿಸಿ. ಎಲ್ಲದರಲ್ಲೂ ‘ಎರಡು’ ಇದೆ, ಎಲ್ಲದರಲ್ಲೂ ‘ವ’ ಕೇಳುತ್ತದೆ. ಅವಳೇ ಹಿಡಿಯುತ್ತಾಳೆ ನೋಡಿ.